ಟೇಲರ್ ಹತ್ತಿರ ಮಗುವನ್ನು ಕರೆದೊಯ್ಯುತ್ತೀರಿ, ಲೈಬ್ರರಿಗೆ ಯಾಕಿಲ್ಲ?

ಜೂನ್ ಬಂತು ಅಂದರೆ ನನ್ನ ಮೇಜಿನ ಮುಂದೆ ಒಂದೇ ಮಾತು. "ಮೇಡಂರೀ, ನಮ್ಮ ಹುಡುಗ ಈಗ ಏಳನೇ ಇಯತ್ತೆ. ಏಳನೇತ್ತೆಗೆ ತಕ್ಕ ಪುಸ್ತಕ ಕೊಡ್ರಿ." ಹುಡುಗ ಎಲ್ಲಿ ಅಂದರೆ ಮನೆಯಲ್ಲಿದ್ದಾನೆ. ಬಾಗಲಕೋಟೆಯ ನವನಗರದಲ್ಲಿ 19 ವರ್ಷದಿಂದ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ, ಈ ಮಾತು ಕೇಳದ ವರ್ಷವಿಲ್ಲ. ಯೂನಿಫಾರ್ಮ್ ಹೊಲಿಸಬೇಕಾದರೆ ಇದೇ ಅಪ್ಪ ಅಮ್ಮ ಮಗುವನ್ನು ಕರೆದುಕೊಂಡು ಹೋಗಿ ಟೇಲರ್ ಮುಂದೆ ನಿಲ್ಲಿಸುತ್ತಾರೆ, ಭುಜದ ಅಳತೆ, ತೋಳಿನ ಅಳತೆ ಎಲ್ಲಾ ಕೊಡಿಸುತ್ತಾರೆ. ಏಳನೇತ್ತೆ ಅಂಗಿ ಹೊಲಿದುಕೊಡಿ ಅಂತ ಯಾರೂ ಹೇಳೋದಿಲ್ಲ. ಪುಸ್ತಕಕ್ಕೆ ಮಾತ್ರ ಹಾಗೆ ಹೇಳುತ್ತಾರೆ.

ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಎರಡೆರಡು ವಯಸ್ಸು ಇರುತ್ತದೆ. ಒಂದು ಮನಸ್ಸಿನದು, ಇನ್ನೊಂದು ಓದಿನದು. ಹನ್ನೆರಡು ವರ್ಷದ ಹುಡುಗನ ಮನಸ್ಸಿಗೆ ಕಳ್ಳತನ, ಜಗಳ, ಗರಡಿಮನೆ, ದೆವ್ವ, ಮೋಸ ಮಾಡಿದ ಗೆಳೆಯ ಎಲ್ಲಾ ಬೇಕು. ಆದರೆ ಅವನು ಇಂಗ್ಲಿಷ್ ಮೀಡಿಯಂ, ಕನ್ನಡ ದಿನಕ್ಕೆ ಒಂದು ಪೀರಿಯಡ್, ಮನೆಯಲ್ಲಿ ಆಡೋದು ಉರ್ದುವೋ ಲಂಬಾಣಿಯೋ ಮರಾಠಿಯೋ ಆಗಿದ್ದರೆ ಅವನ ಕನ್ನಡದ ಓದು ಎಂಟು ವರ್ಷದಲ್ಲೇ ನಿಂತಿರಬಹುದು. ಅವನು ದಡ್ಡ ಅಲ್ಲ. ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿಗ ಇರಬಹುದು. ಕನ್ನಡ ಮೀಡಿಯಂ ಮಕ್ಕಳಲ್ಲೂ ಇಂಥವರಿದ್ದಾರೆ. ಎರಡು ವರ್ಷ ಮುಂದೆ ಓದುವವರೂ ಇದ್ದಾರೆ, ಅವರನ್ನು ಹಿಂದಕ್ಕೆ ಎಳೆಯಬಾರದು. ಇಯತ್ತೆಯ ನಂಬರು ಇದ್ಯಾವುದನ್ನೂ ಹೇಳೋದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದ ನಾಯಿಯ ಕತೆ ಎತ್ತಿಕೊಂಡಿದ್ದ. ಮೂವತ್ತೆರಡು ಪುಟ, ಪುಟಕ್ಕೊಂದು ಚಿತ್ರ. ನಿಂತಲ್ಲೇ ನಾಲ್ಕು ಪುಟ ಓದಿದ್ದ. ಅಪ್ಪ ಬಂದವರೇ "ಏ, ಇದು ಸಣ್ಣ ಹುಡುಗರದ್ದಲೇ" ಅಂತ ಕಸಿದು ಕಪಾಟಿಗಿಟ್ಟು, ಇನ್ನೂರು ಪುಟದ ಜೀವನಚರಿತ್ರೆ ಕೊಡಿಸಿದರು. ಮೂರು ವಾರಕ್ಕೆ ಪುಸ್ತಕ ವಾಪಸ್ ಬಂತು. ಆರನೇ ಪುಟದಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್ ಅಲ್ಲೇ ಇತ್ತು. ಆಮೇಲೆ ಎರಡು ತಿಂಗಳು ಆ ಹುಡುಗ ಲೈಬ್ರರಿ ಪೀರಿಯಡ್ಡಿನಲ್ಲಿ ಕಿಟಕಿ ಕಡೆ ಕೂರುತ್ತಿದ್ದ. ಆ ಅಪ್ಪನಿಗೆ ಮಗನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ, ಅಂಗಡಿ ಬಾಗಿಲು ಹಾಕಿ ಬಂದಿದ್ದರು ಪಾಪ. ಅದಕ್ಕೇ ನನಗೆ ಜಾಸ್ತಿ ಸಂಕಟ.

"ಇಲ್ಲ ಮೇಡಂ, ನಮ್ಮವ ಗಳಗಳ ಓದ್ತಾನ್ರಿ" ಅನ್ನುತ್ತಾರೆ. ಎಲ್ಲರೂ ಮೋಸ ಹೋಗೋದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಗೊತ್ತಿಲ್ಲದ ಪದ ಬಂದರೆ ಮಗು ಅಲ್ಲೇ ತಡವರಿಸುತ್ತದೆ. ಒಂದು ಪುಟದಲ್ಲಿ ಐದು ಕಡೆ ತಡವರಿಸಿದರೆ ಪುಸ್ತಕ ಕಷ್ಟ ಅಂತ ಬೆರಳು ಮಡಚಿ ಎಣಿಸುವ ರೂಢಿಯೇ ಇದೆ. ಕನ್ನಡಕ್ಕೆ ಅದನ್ನು ಹಾಗೇ ತರಲು ಆಗೋದಿಲ್ಲ. ಬಳ್ಳಿ (ಅಂದರೆ ಕಾಗುಣಿತ), ಒತ್ತಕ್ಷರ ಸರಿಯಾಗಿ ಕಲಿತ ಮಗು ಅರ್ಥವೇ ಗೊತ್ತಿಲ್ಲದ ಪದವನ್ನೂ ತಪ್ಪಿಲ್ಲದೆ ಓದಿಬಿಡುತ್ತದೆ. 'ಪ್ರತ್ಯುಪಕಾರ' ಅಂತ ಗಟ್ಟಿಯಾಗಿ ಓದಿದ ಹುಡುಗಿಗೆ ಹಾಗಂದರೆ ಏನವ್ವಾ ಅಂತ ಕೇಳಿದೆ, ಸುಮ್ನೆ ನನ್ನ ಮುಖ ನೋಡಿದಳು. ಇದರ ಉಲ್ಟಾ ಮಕ್ಕಳೂ ಇದ್ದಾರೆ. ಪದ ಗೊತ್ತು, ಕತೆ ಗೊತ್ತು, ಆದರೆ ಒತ್ತಕ್ಷರ ಬಿಡಿಸುವುದರಲ್ಲೇ ಕಣ್ಣು ದಣಿದು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಶುರು ಮರೆತಿರುತ್ತದೆ. ಇಂಥವರಿಗೆ ಬೇಕಾಗಿರೋದು ಸುಲಭದ ಪುಸ್ತಕ, ಅದೂ ಒಂದಲ್ಲ, ಹತ್ತು ಹದಿನೈದು.

ಹಾಗಾಗಿ ನಾನು ಮಾಡೋದು ಇಷ್ಟೇ. ಪುಸ್ತಕದ ನಡುವಿನ ಒಂದು ಪುಟ ತೆಗೆದು ಮನಸ್ಸಿನಲ್ಲೇ ಓದಿಕೋ ಅನ್ನುತ್ತೇನೆ. ಓದಿದ ಮೇಲೆ ಪುಸ್ತಕ ಮುಚ್ಚಿ, "ಏನಾತು ಹೇಳು" ಅಂತ ಕೇಳುತ್ತೇನೆ. ತನ್ನ ಮಾತಿನಲ್ಲಿ ಹೇಳಿದರೆ ಪುಸ್ತಕ ಕೊಡುತ್ತೇನೆ, ಎರಡು ಮೂರು ಪದ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಪುಟದ ಕೊನೆಯ ಸಾಲನ್ನೇ ಒಪ್ಪಿಸಿದರೆ ಇನ್ನೊಂದು ಹುಡುಕೋಣ ಅನ್ನುತ್ತೇನೆ. ಮನೆಯಲ್ಲಿ ನೀವೂ ಮಾಡಬಹುದು, ಆದರೆ ಪರೀಕ್ಷೆಯ ದನಿಯಲ್ಲಿ ಕೇಳಬೇಡಿ.

ಸುಲಭದ್ದು ಅಂದ ಕೂಡಲೇ ಚಂದಿರ, ಮೊಲದ ಮರಿ ಇರುವ ಪುಟ್ಟ ಮಕ್ಕಳ ಪುಸ್ತಕ ತಂದುಕೊಡುವವರೂ ಇದ್ದಾರೆ. ಅದೂ ಬೇಡ. ಹನ್ನೆರಡು ವರ್ಷದವನಿಗೆ ಅವಮಾನ ಆಗುತ್ತದೆ, ಬೆಂಚಿನ ಕೆಳಗೆ ಬಚ್ಚಿಡುತ್ತಾನೆ. ವಾಕ್ಯ ಚಿಕ್ಕದಿರಬೇಕು, ಅಕ್ಷರ ದೊಡ್ಡದಿರಬೇಕು, ಸಂಗತಿ ಮಾತ್ರ ಅವನ ಮನಸ್ಸಿನ ವಯಸ್ಸಿನದೇ ಇರಬೇಕು. ಇಂಥ ಪುಸ್ತಕ ಕನ್ನಡದಲ್ಲಿ ಕಡಿಮೆ ಅನ್ನೋದು ನಿಜ, ಇಲ್ಲವೇ ಇಲ್ಲ ಅನ್ನೋದು ಸುಳ್ಳು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ. ಅಲ್ಲಿ ಒಂದರಿಂದ ನಾಲ್ಕರವರೆಗೆ ಹಂತ ಹಾಕಿದ್ದಾರೆ, ಅದು ಓದಿನ ಹಂತ. ನಾಲ್ಕು ಅಂದರೆ ನಾಲ್ಕನೇತ್ತೆ ಅಂದುಕೊಳ್ಳಬೇಡಿ.

ಕತೆಯೇ ಆಗಬೇಕು ಅಂತಲೂ ಇಲ್ಲ. ಮುಧೋಳ ಕಡೆ ಕಬ್ಬಿನ ಹೊಲ ಇರುವ ಮನೆಯ ಹುಡುಗ ಒಬ್ಬನಿದ್ದ, ಹಾಸ್ಟೆಲ್‌ನಲ್ಲಿದ್ದ, ಯಾವ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ. ಹಾವುಗಳ ಪುಸ್ತಕ ಕೊಟ್ಟೆ. ಮೊದಲ ವಾರ ಬರೀ ಫೋಟೊ ನೋಡಿದ. ಎರಡನೇ ವಾರ ಫೋಟೊ ಕೆಳಗಿನ ಎರಡೆರಡು ಸಾಲು. ಆಮೇಲೆ ಒಂದು ದಿನ ಪುಸ್ತಕ ಬಿಚ್ಚಿಕೊಂಡೇ ಓಡಿ ಬಂದ. "ಮೇಡಂರೀ, ನಮ್ಮ ಹೊಲದಾಗ ನಮ್ಮಪ್ಪ ಬಡಿಯೋದು ಇದನ್ನರಿ! ಇದಕ್ಕ ವಿಷಾನ ಇಲ್ಲಂತ, ಇಲಿ ತಿಂತೈತಂತ!" ಬೆರಳು ಕೇರೆ ಹಾವಿನ ಮೇಲಿತ್ತು. ಊರಿಗೆ ಹೋದಾಗ ಅಪ್ಪನಿಗೆ ತೋರಿಸಬೇಕು ಅಂತ ಆ ಪುಟಕ್ಕೆ ನವಿಲುಗರಿ ಇಟ್ಟುಕೊಂಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲದ ಪುಟ ಅವನಿಗೆ ಬಾಯಿಪಾಠ ಆಗಿತ್ತು. ಫೋಟೊ ಕೆಳಗಿನ ಆ ಎರಡು ಸಾಲೂ ಓದೇ ಅಲ್ವಾ?

ನವೋದಯ, ಸೈನಿಕ ಶಾಲೆ ಪರೀಕ್ಷೆಯ ಪುಸ್ತಕ ಕೊಡಿಸಿ, ಬೇಡ ಅನ್ನೋದಿಲ್ಲ. ಅದು ತಯಾರಿ. ಅದನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಕತೆಯಲ್ಲಿ ನೀತಿ ಏನಿದೆ ಅಂತ ಕೇಳುವವರಿಗೆ ಇನ್ನೊಮ್ಮೆ ಬರೆಯುತ್ತೇನೆ.

ಒಂದು ಎಚ್ಚರಿಕೆ. ಸುಲಭದ ಪುಸ್ತಕ ಕೊಟ್ಟು ಐದಾರು ತಿಂಗಳಾದರೂ ಅಕ್ಷರ ಹಿಂದುಮುಂದಾಗುತ್ತಿದ್ದರೆ, ಸಾಲು ತಪ್ಪುತ್ತಿದ್ದರೆ, ಅದು ಸೋಮಾರಿತನ ಅಂತ ಬೈಯಬೇಡಿ. ಮೊದಲು ಕಣ್ಣು ತೋರಿಸಿ. ನಮ್ಮಲ್ಲಿ ಒಬ್ಬಳಿಗೆ ಕನ್ನಡಕ ಬಂದ ಮೇಲೆ ಎಲ್ಲಾ ಸರಿಹೋಯಿತು. ಕಣ್ಣು ಸರಿ ಇದ್ದರೆ ಕಲಿಕೆಯ ತೊಂದರೆ ನೋಡುವ ತಜ್ಞರನ್ನು ಕೇಳಿ. ನಾನು ಲೈಬ್ರರಿಯವಳು, ಅದನ್ನು ಹೇಳುವಷ್ಟು ನನಗೆ ತಿಳಿದಿಲ್ಲ.

ನಾನು ಓದಿದ ಲೈಬ್ರರಿ ಕೋರ್ಸಿನಲ್ಲಿ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನ್ನುವ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಲೈಬ್ರರಿಯ ಐದು ಸೂತ್ರ ಇದ್ದವು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಆಗ ಪರೀಕ್ಷೆಗೆ ಅಂತ ಉರು ಹೊಡೆದಿದ್ದೆ. 'ಅವನ' ಅನ್ನುವ ಪದ ಅಲ್ಲಿ ಯಾಕಿದೆ ಅಂತ ಗೊತ್ತಾಗಿದ್ದು ಆ ಬಸ್ ಟಿಕೆಟ್ ನೋಡಿದಾಗ.

ಹಳ್ಳಿಯಲ್ಲಿರುವವರು ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಶಾಲೆಯವರಾದರೆ ಶನಿವಾರ ಬನ್ನಿ, ಮಗುವನ್ನು ಕರೆದುಕೊಂಡೇ ಬನ್ನಿ. ಅದನ್ನು ಒಳಗೆ ಬಿಟ್ಟು ನೀವು ಹತ್ತು ನಿಮಿಷ ಹೊರಗಿನ ಕಟ್ಟೆ ಮೇಲೆ ಕೂತಿರಿ. ಬೇವಿನ ಮರದ ನೆರಳಿದೆ, ಕುಡಿಯಲು ನೀರಿಟ್ಟಿದ್ದೇವೆ.