ಹೆಸರಲ್ಲಿ ಮೂರು, ಒಳಗೆ ನಾಲ್ಕು, ಫೈಲಿನಲ್ಲಿ ಐದು

ಉಬುಂಟು ಲಿನಕ್ಸಿನಲ್ಲಿ, ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಝೀರೋಎಂಕ್ಯೂ ಲೈಬ್ರರಿ ಬಳಸಿ ಸಿ ಭಾಷೆಯ ಕೋಡ್ ಬರೆಯಬೇಕೆಂದರೆ ಹಾಕಿಕೊಳ್ಳುವ ಪ್ಯಾಕೇಜಿನ ಹೆಸರು ‘ಲಿಬ್‌ಝಡ್‌ಎಂಕ್ಯೂ3-ಡೆವ್’. ಹಾಕಿದ ಮೇಲೆ ನೋಡಿದರೆ ಬಂದಿರುವುದು 4.3ನೇ ಆವೃತ್ತಿ. ಡಿಸ್ಕಿನಲ್ಲಿ ಕೂತ ಲೈಬ್ರರಿ ಫೈಲಿನ ಬಾಲದಲ್ಲಿ 5. ಹೊಸಬರು ಏನೋ ತಪ್ಪು ಹಾಕಿದೆ ಅಂದುಕೊಂಡು ತೆಗೆದು ಮತ್ತೆ ಹಾಕುತ್ತಾರೆ. ತಪ್ಪೇನೂ ಆಗಿಲ್ಲ.

ಇದು 2007ರ ಸುಮಾರಿಗೆ ಬೆಲ್ಜಿಯಂನ ಐಮ್ಯಾಟಿಕ್ಸ್ ಕಂಪನಿಯಲ್ಲಿ ಶುರುವಾದ ಲೈಬ್ರರಿ. ವಿನ್ಯಾಸ ಬಹುಪಾಲು ಮಾರ್ಟಿನ್ ಸುಸ್ಟ್ರಿಕ್ ಅವರದು, ಕಂಪನಿ ಪೀಟರ್ ಹಿಂಟ್ಯೆನ್ಸ್ ಅವರದು. ನಡುವೆ ಸರ್ವರ್ ಇಡದೆ ಎರಡು ಪ್ರೋಗ್ರಾಂಗಳು ಸಾಕೆಟ್ ಮೂಲಕ ಸಂದೇಶ ಕಳಿಸಿಕೊಳ್ಳಲು ಬೇಕಾದ್ದೆಲ್ಲ ಇದರಲ್ಲಿತ್ತು. ಇದರ 2.x ಆವೃತ್ತಿಗಳು ಬೇಗ ಹಬ್ಬಿದವು. ಇವತ್ತು ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ಕಿನಲ್ಲಿ ಒಂದು ಸೆಲ್ ಓಡಿಸಿದರೂ ಹಿಂದೆ ಕೆಲಸ ಮಾಡುವುದು ಇದೇ ಲೈಬ್ರರಿ.

ಗೋಜಲು ಶುರುವಾದದ್ದು 3ನೇ ಆವೃತ್ತಿಯಲ್ಲಿ. ಸಂದೇಶ ಬಂತೇ ಎಂದು ಕಾದು ನೋಡುವ ‘ಪೋಲ್’ ಎಂಬ ಕರೆಗೆ ಎಷ್ಟು ಹೊತ್ತು ಕಾಯಬೇಕೆಂದು ಒಂದು ಸಂಖ್ಯೆ ಕೊಡಬೇಕು. 2.xನಲ್ಲಿ ಅದು ಮೈಕ್ರೋಸೆಕೆಂಡ್, 3ರಲ್ಲಿ ಮಿಲಿಸೆಕೆಂಡ್. ಒಂದು ಸೆಕೆಂಡ್ ಕಾಯಲೆಂದು 10,00,000 ಬರೆದಿಟ್ಟ ಹಳೇ ಕೋಡನ್ನು ಹೊಸ ಆವೃತ್ತಿಯಲ್ಲಿ ಕಂಪೈಲ್ ಮಾಡಿ ನೋಡಿ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಪ್ರೋಗ್ರಾಂ ಮಾತ್ರ 16 ನಿಮಿಷ 40 ಸೆಕೆಂಡ್ ಸುಮ್ನೆ ಕೂತಿರುತ್ತದೆ. ಸಂದೇಶಗಳು ಸರದಿಯಲ್ಲಿ ಕಾಯುವ ಕ್ಯೂನ ಮಿತಿಯೂ ಹಾಗೆಯೇ. ಮೊದಲು ನಾವಾಗಿ ಹೇಳದಿದ್ದರೆ ಮಿತಿಯೇ ಇರಲಿಲ್ಲ, 3ರಿಂದ ಅದು 1000 ಸಂದೇಶ. ಒಂದೇ ಸಂದೇಶವನ್ನು ಹಲವರಿಗೆ ಕಳಿಸುವ ಪಬ್ಲಿಷರ್ ಸಾಕೆಟ್ಟಿನಲ್ಲಿ ಅದಕ್ಕಿಂತ ಜಾಸ್ತಿಯಾದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸಂದೇಶ ಕಳಿಸುವ ಕರೆ ‘ಸೆಂಡ್’ ಕೂಡ ಬದಲಾಯಿತು. ಆದರೆ ಅದಕ್ಕೆ ಕೊಡಬೇಕಾದ ಆರ್ಗ್ಯುಮೆಂಟುಗಳು ಮೂರರಿಂದ ನಾಲ್ಕಾದ್ದರಿಂದ ಕಂಪೈಲರ್ ಅಲ್ಲೇ ಬೈಯುತ್ತದೆ. ಬೈಸಿಕೊಳ್ಳುವುದೇ ವಾಸಿ, ಅಲ್ವಾ?

ಒಂದೊಂದನ್ನೇ ತೆಗೆದುಕೊಂಡರೆ ಎಲ್ಲವೂ ಒಳ್ಳೆಯ ತಿದ್ದುಪಡಿಗಳೇ. ಯುನಿಕ್ಸಿನ ಪೋಲ್ ಕೂಡ ಮಿಲಿಸೆಕೆಂಡಿನಲ್ಲೇ ಎಣಿಸುತ್ತದೆ. ಆದರೆ ಅರ್ಥ ಬದಲಾದಾಗ ಹೆಸರೂ ಬದಲಾಗಿದ್ದರೆ ಎಷ್ಟೋ ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತು.

3.0 ಹೆಚ್ಚು ದಿನ ಬಾಳಲಿಲ್ಲ. ಅದರಲ್ಲಿ ಸೇರಿಸಿದ್ದ ಕೆಲವನ್ನು 3.1ರಲ್ಲಿ ಕಿತ್ತುಹಾಕಿದರು. 2012ರಲ್ಲಿ ಸುಸ್ಟ್ರಿಕ್ ಬೇರೆಯಾಗಿ ಕ್ರಾಸ್‌ರೋಡ್ಸ್ ಐ/ಓ ಎಂಬ ಫೋರ್ಕ್, ಅಂದರೆ ಅದೇ ಕೋಡಿನಿಂದ ಕವಲೊಡೆದ ಲೈಬ್ರರಿ, ಶುರುಮಾಡಿದರು. ಹಳೆಯ ಹೆಸರಿನ ಟ್ರೇಡ್‌ಮಾರ್ಕ್ ಐಮ್ಯಾಟಿಕ್ಸ್ ಕಂಪನಿಯ ಕೈಯಲ್ಲಿದ್ದುದರಿಂದ ಹೊಸ ಹೆಸರು ಬೇಕಾಯಿತು. ಆಮೇಲೆ ಸಿ ಭಾಷೆಯಲ್ಲಿ ಹೊಸದಾಗಿ ಬರೆದ ನ್ಯಾನೋಎಂಎಸ್‌ಜಿ ಬಂತು. ಅದರ ಮುಂದಿನ ಕುಡಿ ಎನ್‌ಎನ್‌ಜಿ.

ಮೂಲ ಮನೆಯಲ್ಲಿ ಉಳಿದವರು ಲಿಖಿತ ಕಟ್ಟುಪಾಡು ಮಾಡಿಕೊಂಡರು. ‘ಸಿ4’ ಎಂದು ಅದರ ಹೆಸರು. ಒಮ್ಮೆ ಬಳಸಿದ ಹೆಸರನ್ನು ಹೊಸ ಅರ್ಥಕ್ಕೆ ಮತ್ತೆ ಬಳಸುವ ಹಾಗಿಲ್ಲ ಅನ್ನುವುದು ಅದರ ಒಂದು ನಿಯಮ. 3ರ ಪೆಟ್ಟು ಅದರಲ್ಲಿ ಕಾಣುತ್ತದೆ. 2013ರಲ್ಲಿ ಎನ್‌ಕ್ರಿಪ್ಷನ್ ಸಮೇತ 4.0 ಬಂತು. 2016ರಲ್ಲಿ ಹಿಂಟ್ಯೆನ್ಸ್ ತೀರಿಕೊಂಡರು. 2018ರಲ್ಲಿ ಬಂದ 4.3ಕ್ಕೆ 2021, 2023ರಲ್ಲೂ ಹೊಸ ಬಿಡುಗಡೆಗಳಾದವು.

ಫೈಲಿನ 5ರ ಲೆಕ್ಕವೇ ಬೇರೆ. ಈಗಾಗಲೇ ಕಂಪೈಲ್ ಆದ ಪ್ರೋಗ್ರಾಂಗಳು ಮುರಿದುಬೀಳುವಂತಿದ್ದರೆ ಮಾತ್ರ ಆ ಅಂಕಿ ಏರಬೇಕು. 4.1ರಿಂದ ಅದು ಏರಿಲ್ಲ.

2023ರ ಅಕ್ಟೋಬರಿನಲ್ಲಿ ಇಡೀ ಲೈಬ್ರರಿಯ ಲೈಸೆನ್ಸೇ ಎಲ್‌ಜಿಪಿಎಲ್‌ನಿಂದ ಎಂಪಿಎಲ್‌ಗೆ ಬದಲಾಯಿತು. ಕೋಡ್ ಕೊಟ್ಟವರ ಒಪ್ಪಿಗೆ ಕೇಳಿ ಕೂಡಿಸಲು ವರ್ಷಗಳೇ ಹಿಡಿದವು. ಇಷ್ಟೆಲ್ಲ ಆದರೂ ಆವೃತ್ತಿ 4.3.4 ಇದ್ದದ್ದು 4.3.5 ಆಯಿತು, ಅಷ್ಟೆ. ಹಳೇ ಕೋಡೆಲ್ಲ ಹಾಗೇ ಓಡುತ್ತಿತ್ತಲ್ಲ.

3ರ ಕಾಲದಲ್ಲಿ ಇಟ್ಟ ಪ್ಯಾಕೇಜಿನ ಹೆಸರಲ್ಲಿ ಮಾತ್ರ ಇನ್ನೂ 3.