ಹೀಟ್ ಪಂಪ್ ಗೀಸರ್ ಕೋಲಾರದ ಮನೆಗೆ ಬಂದಾಗ

200 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಸುಮಾರು 8 ಯೂನಿಟ್ ಶಾಖ ಬೇಕು. ಸಾಮಾನ್ಯ ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ಪಡೆಯುತ್ತದೆ. ಹೀಟ್ ಪಂಪ್ ಮೂರು ಯೂನಿಟ್ ಒಳಗೆ ಮುಗಿಸುತ್ತದೆ. ಉಳಿದ ಶಾಖ ಸುತ್ತಲಿನ ಗಾಳಿಯಿಂದ ಬರುತ್ತದೆ.

ಇದು ಫ್ರಿಜ್ಜಿನ ಯಂತ್ರವೇ. ಫ್ಯಾನ್ ಎಳೆದ ಗಾಳಿ ತಾಗುವ ಕಾಯಿಲ್‌ನಲ್ಲಿ ರೆಫ್ರಿಜರೆಂಟ್ (ಶಾಖ ಹೊರುವ ದ್ರವ, ಮೆಕ್ಯಾನಿಕ್‌ಗಳು ‘ಗ್ಯಾಸ್’ ಎನ್ನುವುದು ಇದನ್ನೇ) 10 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಆರ್-134ಎ ಎಂಬ ರೆಫ್ರಿಜರೆಂಟ್ ಇದ್ದರೆ ಅಲ್ಲಿನ ಒತ್ತಡ ಸುಮಾರು 4 ಬಾರ್. ಕಂಪ್ರೆಸರ್ ಅದನ್ನು 17 ಬಾರ್‌ಗೆ ಅದುಮಿದಾಗ ಅದೇ ಆವಿ 60 ಡಿಗ್ರಿಯಲ್ಲಿ ದ್ರವವಾಗುತ್ತ, ಹೊತ್ತು ತಂದ ಶಾಖವನ್ನು ಟ್ಯಾಂಕಿನ ನೀರಿಗೆ ಬಿಟ್ಟುಕೊಡುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಕಿರಿದಾದ ದಾರಿ ದಾಟಿದರೆ ಒತ್ತಡ ಇಳಿದು ಮತ್ತೆ ತಣ್ಣಗಾಗುತ್ತದೆ.

ಚಳಿಗಾಲಕ್ಕೆ ಇದು ಕೆಲಸ ಮಾಡೀತೇ ಎಂದು ಬಹಳ ಜನ ಕೇಳುತ್ತಾರೆ. ಕಾಯಿಲ್ ಮೇಲೆ ಹಿಮ ಕಟ್ಟುವಷ್ಟು ಚಳಿ ನಮ್ಮ ಕಡೆ ಇಲ್ಲ. ಜನವರಿಯಲ್ಲೂ ಮಧ್ಯಾಹ್ನ ಬೆಚ್ಚಗಿರುತ್ತದೆ, ಆದ್ದರಿಂದ ಟೈಮರನ್ನು ಬೆಳಗಿನ ಜಾವಕ್ಕಲ್ಲ, ಮಧ್ಯಾಹ್ನ 12ರಿಂದ 4ಕ್ಕೆ ಇಡಿ. ಗಾಳಿ ಬಿಸಿಯಾಗಿದ್ದಷ್ಟೂ ಕಂಪ್ರೆಸರ್‌ಗೆ ಕೆಲಸ ಕಡಿಮೆ. ಟ್ಯಾಂಕ್ ಪೂರ್ತಿ ಕಾಯಲು ಮೂರು-ನಾಲ್ಕು ಗಂಟೆ ಬೇಕು. ನೆಂಟರು ಬಂದ ಮೇಲೆ ಸ್ವಿಚ್ ಹಾಕಿದರೆ ಆಗುವುದಿಲ್ಲ.

ನಿಜವಾದ ಶತ್ರು ಬೋರ್‌ವೆಲ್ ನೀರು. ಗಡಸು ನೀರು ಬಿಸಿಯಾದಾಗ ಸುಣ್ಣ ಪದರಗಟ್ಟುತ್ತದೆ, 60 ಡಿಗ್ರಿ ದಾಟಿದರೆ ಇನ್ನೂ ಬೇಗ. ಟ್ಯಾಂಕಿನ ಹೊರಮೈಗೆ ಕಾಯಿಲ್ ಸುತ್ತಿದ ಮಾದರಿ ಇದನ್ನು ತಕ್ಕಮಟ್ಟಿಗೆ ತಾಳುತ್ತದೆ. ನೀರು ಹೊರಗಿನ ಯೂನಿಟ್ಟಿಗೆ ಹೋಗಿ, ಪ್ಲೇಟ್‌ಗಳ ಸಣ್ಣ ಸಂದುಗಳಲ್ಲಿ ಹಾದು ಬರುವ ಮಾದರಿಯಲ್ಲಿ ಸಂದು ಕಟ್ಟಿಕೊಂಡು, ಶಾಖ ಹೋಗಲು ದಾರಿಯಿಲ್ಲದೆ, ಹೈ ಪ್ರೆಷರ್ ಎಂದು ಯಂತ್ರ ನಿಂತುಬಿಡುತ್ತದೆ. ಗ್ಯಾಸ್ ಮುಗಿದಿದೆ ಎಂದು ಯಾರಾದರೂ ಹೇಳಿದರೆ ತಕ್ಷಣ ತುಂಬಿಸಬೇಡಿ, ಮೊದಲು ಸುಣ್ಣ ತೆಗೆಸಿ. ಇಲ್ಲಿಯ ಬೋರ್‌ವೆಲ್ ನೀರಿಗೆ ನಾನು ಮೊದಲ ಮಾದರಿಯನ್ನೇ ಹೇಳುತ್ತೇನೆ. ತುಕ್ಕು ತಡೆಯುವ ಮೆಗ್ನೀಷಿಯಂ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಒಳಗಿನ ತಂತಿ ಕಾಣಿಸಿದರೆ ಬದಲಾಯಿಸಿ. ನೀರಿನ ಗಡಸು ತೆಗೆಯುವ ಸಾಫ್ಟ್ನರ್ ಹಾಕಿಸಿದ ಮನೆಯಲ್ಲಿ ಅದು ಇನ್ನೂ ಬೇಗ ಸವೆಯುತ್ತದೆ. ಸೇಫ್ಟಿ ವಾಲ್ವ್‌ನ ಹಿಡಿಯನ್ನು ಆಗಾಗ ಎತ್ತಿಬಿಡಿ, ಸುಣ್ಣಕ್ಕೆ ಅದೂ ಅಂಟಿಕೊಳ್ಳುತ್ತದೆ.

ಬಾಗಿಲು ಮುಚ್ಚಿದ ಸಣ್ಣ ಯುಟಿಲಿಟಿಯಲ್ಲಿ ಕೂರಿಸಬೇಡಿ. ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಟೆರೇಸ್ ಒಳ್ಳೆಯದು, ಮೇಲೊಂದು ಶೀಟ್ ಇರಲಿ. ಗಾಳಿಯ ತೇವ ಹನಿಗಟ್ಟಿ ತಣ್ಣನೆ ಕಾಯಿಲ್‌ನಿಂದ ಇಳಿಯುವ ನೀರಿಗೆ ಇಳಿಜಾರಿನ ಪೈಪ್ ಬೇಕು.

ಬಿಲ್ ಏಕಾಏಕಿ ಏರಿದರೆ ಬ್ಯಾಕಪ್ ಎಲಿಮೆಂಟ್ (ಸಾಮಾನ್ಯ ಗೀಸರಿನಂತೆ ಕರೆಂಟಿನಿಂದಲೇ ಕಾಯಿಸುವ ಕಾಯಿಲ್) ಮೇಲೆ ಅನುಮಾನ ಪಡಿ. ಕಂಪ್ರೆಸರ್ ಕೆಟ್ಟರೂ ಹಲವು ಮಾದರಿಗಳಲ್ಲಿ ಎಲಿಮೆಂಟ್ ಸದ್ದಿಲ್ಲದೆ ನೀರು ಕಾಯಿಸುತ್ತಲೇ ಇರುತ್ತದೆ, ಹಾಗಾಗಿ ಸ್ನಾನಕ್ಕೆ ಹೋದವರಿಗೆ ಗೊತ್ತೇ ಆಗುವುದಿಲ್ಲ. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿಸಿ: ಮನೆಯ ಸಣ್ಣ ಕಂಪ್ರೆಸರ್ ಸಾಮಾನ್ಯವಾಗಿ ಮೂರು-ನಾಲ್ಕು ಆಂಪಿಯರ್ ಎಳೆಯುತ್ತದೆ, 1,500 ವಾಟ್ ಎಲಿಮೆಂಟ್ ಆರೂವರೆ.