ಟ್ರೇನ್ ಮೇಲೆ ಕಹಳೆ ಊದಿಸಿದ ವಿಜ್ಞಾನಿ

1845ರ ಜೂನ್ 3ನೇ ತಾರೀಕು ಹಾಲೆಂಡಿನ ಯುಟ್ರೆಕ್ಟ್ ಊರಿನ ಹತ್ರ ರೈಲು ಹಳಿ ಪಕ್ಕ ಹಾದುಹೋದೋರಿಗೆ ಭಾರಿ ತಮಾಷೆ ಕಂಡಿರ್ಬೇಕು. ಹೊಗೆ ಉಗುಳ್ತಾ ಒಂದು ಸ್ಟೀಮ್ ಇಂಜಿನ್ ಬರ್ತಿದೆ, ಅದರ ಹಿಂದೆ ಮೇಲ್ಛಾವಣಿ ಇಲ್ಲದ ಗಾಡಿ, ಗಾಡಿ ಮೇಲೆ ಕಹಳೆ ಹಿಡಿದ ವಾದ್ಯದವರು, ಅವರು ಊದ್ತಿರೋದು ಒಂದೇ ಒಂದು ಸ್ವರ, ಟ್ರೇನು ಆ ಕಡೆಯಿಂದ ಬಂದು ಈ ಕಡೆ ಹೋಗುತ್ತೆ ಮತ್ತೆ ವಾಪಸ್ ಬರುತ್ತೆ, ಆಗ್ಲೂ ಅದೇ ಸ್ವರ. ಹಳಿ ಪಕ್ಕ ಮೂರು ಜಾಗದಲ್ಲಿ ಸಂಗೀತ ಬಲ್ಲೋರು ನಿಂತ್ಕೊಂಡು ಶ್ರುತಿ ಎಷ್ಟು ಏರ್ತು, ಎಷ್ಟು ಇಳೀತು ಅಂತ ಕಿವಿಗೊಟ್ಟು ಕೇಳ್ತಿದಾರೆ. ಇದು ಫಿಸಿಕ್ಸ್ ಪ್ರಯೋಗ ಕಣ್ರೀ! ಅಲೆಗಳ ಬಗ್ಗೆ ನಡೆದ ಪ್ರಯೋಗಗಳಲ್ಲಿ ನಗುವನ್ನೂ ಗೌರವವನ್ನೂ ಒಟ್ಟಿಗೆ ಹುಟ್ಟಿಸೋದು ಅಂದ್ರೆ ನನಗೆ ಇದೇ.

ಕಥೆ ಶುರುವಾಗಿದ್ದು ಮೂರು ವರ್ಷ ಹಿಂದೆ, ಪ್ರಾಗ್‌ನಲ್ಲಿ. ಕ್ರಿಶ್ಚಿಯನ್ ಡಾಪ್ಲರ್ ಅಂತ ಒಬ್ಬ ಪ್ರೊಫೆಸರ್, ಸಾಲ್ಜ್‌ಬರ್ಗ್‌ನ ಕಲ್ಲುಕೆಲಸದ ಮನೆತನದವನು, ಆರೋಗ್ಯ ಸರಿ ಇಲ್ಲದ್ದಕ್ಕೆ ಕುಲಕಸುಬು ಬಿಟ್ಟು ಗಣಿತಕ್ಕೆ ಬಂದವನು. ಕೆಲಸ ಸಿಗದೆ ಬೇಸತ್ತು ಅಮೆರಿಕಕ್ಕೆ ಹೊರಟುಬಿಡೋಣ ಅಂತ ತಯಾರಾಗಿದ್ದಾಗ, 1835ರಲ್ಲಿ, ಪ್ರಾಗ್‌ನಿಂದ ಮೇಷ್ಟ್ರ ಕೆಲಸ ಬಂತು. 1842ರ ಮೇ 25ಕ್ಕೆ ಅಲ್ಲಿನ ವಿಜ್ಞಾನ ಸಂಘದಲ್ಲಿ, ಬೆರಳೆಣಿಕೆ ಜನರ ಮುಂದೆ ಅವನು ಓದಿದ ಪ್ರಬಂಧದ ವಿಷಯ ಜೋಡಿ ನಕ್ಷತ್ರಗಳ ಬಣ್ಣ. ಅವನ ವಾದ ಏನಂದ್ರೆ ಅಲೆ ಹೊರಡಿಸೋ ವಸ್ತು ನಮ್ಮ ಕಡೆಗೆ ಬರ್ತಿದ್ರೆ ಅಲೆಗಳು ಒತ್ತೊತ್ತಾಗಿ ತಲುಪ್ತವೆ, ದೂರ ಹೋಗ್ತಿದ್ರೆ ಬಿಡಿಬಿಡಿಯಾಗಿ ತಲುಪ್ತವೆ, ಬೆಳಕಿನ ಅಲೆ ಒತ್ತಾದಷ್ಟೂ ನೀಲಿ ಕಡೆಗೆ, ಬಿಡಿಯಾದಷ್ಟೂ ಕೆಂಪು ಕಡೆಗೆ ಸರಿಯುತ್ತೆ, ಹಾಗಾಗಿ ಹತ್ರ ಬರೋ ನಕ್ಷತ್ರ ನೀಲಿ, ದೂರ ಹೋಗೋದು ಕೆಂಪು. ಸೂತ್ರ ಸರಿಯಾಗೇ ಇತ್ತು. ಆದ್ರೆ ಉದಾಹರಣೆ ಪೂರ್ತಿ ತಪ್ಪು! ನಕ್ಷತ್ರಗಳು ಕೆಂಪಗೆ ನೀಲಿಯಾಗಿ ಕಾಣೋದಕ್ಕೆ ಮುಖ್ಯ ಕಾರಣ ಅವುಗಳ ಬಿಸಿ, ಓಟ ಅಲ್ಲ.

ಈಗ ನಮ್ಮ ಕಹಳೆ ಸಾಹೇಬರು ಬರ್ತಾರೆ. ಹೆಸರು ಬಾಯ್ಸ್ ಬಲ್ಲಾಟ್, ಹುಟ್ಟಿದ್ದು 1817ರಲ್ಲಿ, ಅಂದ್ರೆ ಪ್ರಯೋಗ ಮಾಡಿದಾಗ ಇನ್ನೂ 27 ವರ್ಷ, ಯುಟ್ರೆಕ್ಟ್‌ನಲ್ಲಿ ಡಾಕ್ಟರೇಟ್ ಮುಗಿಸಿ ಒಂದು ವರ್ಷ ಆಗಿತ್ತಷ್ಟೇ. ಡಾಪ್ಲರ್ ಹೇಳಿದ ಬಣ್ಣದ ಮಾತು ಇವನಿಗೆ ಹಿಡಿಸಲೇ ಇಲ್ಲ. ಸರಿ, ನಕ್ಷತ್ರದ ಬೆಳಕನ್ನ ಅಳೆಯೋದು ಆ ಕಾಲಕ್ಕೆ ಕೈಗೆಟುಕದ ಮಾತು, ಆದ್ರೆ ಸದ್ದೂ ಅಲೆ ತಾನೆ, ಅದರಲ್ಲೇ ಪರೀಕ್ಷೆ ಮಾಡೋಣ ಅಂತ ಹೊರಟ.

ಅಲ್ಲ, ಹತ್ರ ಬರೋ ಸದ್ದಿನ ಶ್ರುತಿ ಏರುತ್ತೆ ಅನ್ನೋದು ಅಷ್ಟು ಸಾವಿರ ವರ್ಷ ಯಾರ ಕಿವಿಗೂ ಯಾಕೆ ಬೀಳಲಿಲ್ಲ? ಉತ್ತರ ಸಿಂಪಲ್, ಜೋರಾಗಿ ಓಡೋದು ಏನೂ ಇರಲಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಗಂಟೆಗೆ 15 ಕಿಲೋಮೀಟರ್ ಹೋಗೋ ಕುದುರೆ ಗಾಡಿ ಅಂದ್ರೆ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ, ಶ್ರುತಿ ಬದಲಾಗೋದು ನೂರಕ್ಕೆ ಒಂದು ಭಾಗದಷ್ಟು, ಅದನ್ನ ಯಾರು ಗಮನಿಸ್ತಾರೆ. ರೈಲು ಬಂದಮೇಲೆ ಲೆಕ್ಕವೇ ಬೇರೆ ಆಯ್ತು. ಹಾಲೆಂಡಿಗೆ ಮೊದಲ ರೈಲು ಬಂದಿದ್ದೇ 1839ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಿಂದ ಯುಟ್ರೆಕ್ಟ್‌ಗೆ ಹಳಿ ಮುಟ್ಟಿದ್ದು 1843ರಲ್ಲಿ, ಅಂದ್ರೆ ನಮ್ಮ ಬಲ್ಲಾಟ್ ಹಿಡಿದಿದ್ದು ಹೊಚ್ಚ ಹೊಸ ಹಳಿ.

ಒಂದು ಲೆಕ್ಕ ಹಾಕಿ ನೋಡಿ, ನಂಬರ್‌ಗಳು ನಾನು ಹಿಡ್ಕೊಂಡಿರೋದು ಸುಲಭ ಆಗ್ಲಿ ಅಂತ. ಕಹಳೆ ಸೆಕೆಂಡಿಗೆ 400 ಸಲ ಕಂಪಿಸ್ತಿದೆ ಅಂದ್ಕೊಳ್ಳಿ, ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಸುಮಾರು 86 ಸೆಂಟಿಮೀಟರ್. ಟ್ರೇನು ಸೆಕೆಂಡಿಗೆ 17 ಮೀಟರ್, ಅಂದ್ರೆ ಗಂಟೆಗೆ 60 ಕಿಲೋಮೀಟರ್ ಹತ್ರ. ಒಂದು ಅಲೆ ಹೊರಟು ಇನ್ನೊಂದು ಹೊರಡೋ ಅಷ್ಟರಲ್ಲಿ ಕಹಳೆ ತಾನೇ 4 ಸೆಂಟಿಮೀಟರ್ ಮುಂದೆ ಬಂದಿರುತ್ತೆ, ಹಾಗಾಗಿ ಅಂತರ 82ಕ್ಕೆ ಇಳಿಯುತ್ತೆ, ನಮ್ಮ ಕಿವಿಗೆ 400ರ ಬದಲು 421 ಬೀಳುತ್ತೆ, ದಾಟಿ ಹೋದ್ಮೇಲೆ 381. ಹಾರ್ಮೋನಿಯಂ ಲೆಕ್ಕದಲ್ಲಿ ಹತ್ರ ಬರುವಾಗ ಹೆಚ್ಚುಕಮ್ಮಿ ಒಂದು ಮನೆ ಮೇಲೆ, ಹೋಗುವಾಗ ಹೆಚ್ಚುಕಮ್ಮಿ ಒಂದು ಮನೆ ಕೆಳಗೆ. ಊದೋನು ಮಾತ್ರ ಶ್ರುತಿ ಒಂದು ಚೂರೂ ಬದಲಿಸಿಲ್ಲ!

ಇಷ್ಟನ್ನ ಅಳೆಯೋದು ಹೇಗೆ? ಮೈಕ್ ಇಲ್ಲ, ರೆಕಾರ್ಡಿಂಗ್ ಇಲ್ಲ, ಕಂಪನ ಎಣಿಸೋ ಮೀಟರ್ ಇಲ್ಲ. ಇದ್ದ ಉಪಕರಣ ಒಂದೇ, ಪಳಗಿದ ಸಂಗೀತಗಾರರ ಕಿವಿ. ನನ್ನ ಪ್ರಕಾರ ಈ ಪ್ರಯೋಗದ ಜಾಣತನ ಇರೋದೇ ಇಲ್ಲಿ, ಜನ ಟ್ರೇನ್ ನೋಡಿ ನಗ್ತಾರೆ, ಆದ್ರೆ ಅರ್ಧ ಸ್ವರದ ವ್ಯತ್ಯಾಸ ಕ್ಷಣದಲ್ಲಿ ಹಿಡಿಯೋ ಮನುಷ್ಯರನ್ನ ಮೀಟರ್ ತರ ಬಳಸಬಹುದು ಅಂತ ಹೊಳೀಬೇಕಲ್ಲ.

ಸರ್ಕಾರದ ಕಡೆಯಿಂದ ಇಂಜಿನ್ನೂ ಸಿಕ್ತು. ಮೊದಲ ಪ್ರಯತ್ನ 1845ರ ಫೆಬ್ರವರಿಯಲ್ಲಿ. ಹಾಲೆಂಡಿನ ಫೆಬ್ರವರಿ, ತೆರೆದ ಗಾಡಿ, ಜೊತೆಗೆ ಹಿಮ ಆಲಿಕಲ್ಲು ಬಿರುಗಾಳಿ, ಆ ಚಳಿಯಲ್ಲಿ ಹಿತ್ತಾಳೆ ಕಹಳೆಗೆ ತುಟಿ ಇಡೋ ಕಷ್ಟ ಯೋಚನೆ ಮಾಡಿ, ಶ್ರುತಿ ನಿಲ್ಲೋದಾದ್ರೂ ಹೇಗೆ! ಅಲ್ಲಿಗೆ ಅದು ಕೆಟ್ಟೋಯ್ತು. ಹುಡುಗ ಕೈಬಿಡಲಿಲ್ಲ, ಬೇಸಿಗೆ ಬರೋವರೆಗೂ ಕಾದು ಜೂನ್ 3 ಮತ್ತು 5ರಂದು ಯುಟ್ರೆಕ್ಟ್-ಮಾರ್ಸನ್ ನಡುವೆ ಮತ್ತೆ ಶುರು ಹಚ್ಕೊಂಡ. ಇಂಜಿನ್ ಗದ್ದಲದಲ್ಲಿ ಕಹಳೆ ಕೇಳೋದೇ ಸಾಹಸ. ಒಂದ್ಸಲ ಟ್ರೇನ್ ಮೇಲೆ ಊದಿಸಿ ನೆಲದ ಮೇಲೆ ಕೇಳಿಸಿದ, ಇನ್ನೊಂದ್ಸಲ ನೆಲದ ಮೇಲೆ ಊದಿಸಿ ಟ್ರೇನ್ ಮೇಲೆ ಕೂತೋರಿಗೆ ಕೇಳಿಸಿದ, ಯಾಕಂದ್ರೆ ಡಾಪ್ಲರ್ ಸೂತ್ರ ಎರಡಕ್ಕೂ ಬೇರೆ ಬೇರೆ ಇತ್ತು. ಫಲಿತಾಂಶ ಬಂತು, ಬರುವಾಗ ಶ್ರುತಿ ಏರ್ತು, ಹೋಗುವಾಗ ಇಳೀತು, ಸದ್ದಿನ ವಿಷಯದಲ್ಲಿ ಡಾಪ್ಲರ್ ಹೇಳಿದ್ದೇ ನಿಜ.

ಅನುಮಾನ ಪಟ್ಟವನೇ ಸಾಕ್ಷಿ ಆಗಿಬಿಟ್ಟ! ಅದನ್ನ ಮುಚ್ಚಿಡದೆ ಅದೇ ವರ್ಷ ಅಚ್ಚು ಹಾಕಿಸಿದ, ಆದ್ರೆ ನಕ್ಷತ್ರದ ಬಣ್ಣದ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ, ಅವನ ಆ ತಕರಾರೂ ಸರಿಯಾಗೇ ಇತ್ತು. ನಕ್ಷತ್ರ ಕಣ್ಣಿಗೆ ಕಾಣದ ಬೆಳಕನ್ನೂ ಚೆಲ್ಲುತ್ತೆ, ಎಲ್ಲ ಒಂದು ಕಡೆಗೆ ಸರಿದ್ರೆ ಈ ತುದಿಯಲ್ಲಿ ಸ್ವಲ್ಪ ಕಾಣದಾಗುತ್ತೆ, ಆ ತುದಿಯಲ್ಲಿ ಕಾಣದಿದ್ದದ್ದು ಸ್ವಲ್ಪ ಒಳಗೆ ಬರುತ್ತೆ, ಒಟ್ಟು ಬಣ್ಣ ಬದಲಾಗೋದೇ ಇಲ್ಲ ಅನ್ನಬಹುದು. ಮುಂದೆ ಬಲ್ಲಾಟ್ ಹವಾಮಾನದ ಕಡೆ ಹೋಗಿ 1854ರಲ್ಲಿ ಡಚ್ ಹವಾಮಾನ ಸಂಸ್ಥೆ ಕಟ್ಟಿದ. ಡಾಪ್ಲರ್ ಪಾಡು ಬೇರೆ, 1852ರಲ್ಲಿ ವಿಯೆನ್ನಾದಲ್ಲಿ ಪೆಟ್ಜ್‌ವಾಲ್ ಅನ್ನೋ ಗಣಿತಜ್ಞ ಅವನ ಸೂತ್ರದ ಮೇಲೇ ಹರಿಹಾಯ್ದ, ಮುಂದಿನ ವರ್ಷವೇ ವೆನಿಸ್‌ನಲ್ಲಿ 49ನೇ ವಯಸ್ಸಿಗೆ ಡಾಪ್ಲರ್ ತೀರಿಕೊಂಡ. ತುಂಬ ಬೇಜಾರಾಗುತ್ತೆ ಅದನ್ನ ಓದಿದ್ರೆ.

ನಕ್ಷತ್ರದ ಬಣ್ಣ ನೋಡಬಾರದು, ಬೆಳಕನ್ನ ಬಿಡಿಸಿದಾಗ ಕಾಣೋ ಸಣ್ಣ ಕಪ್ಪು ಗೆರೆಗಳು ಎಷ್ಟು ಸರಿದಿವೆ ನೋಡಬೇಕು ಅಂತ 1848ರಲ್ಲಿ ಫ್ರಾನ್ಸಿನ ವಿಜ್ಞಾನಿ ಫಿಜೋ ಹೇಳಿದ್ದ. ಆ ದಾರಿಯಲ್ಲೇ 1868ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಹಗ್ಗಿನ್ಸ್ ಸಿರಿಯಸ್ ನಕ್ಷತ್ರದ ಓಟ ಅಳೆಯೋಕೆ ಹೊರಟ. 1909ರಲ್ಲಿ ನಮ್ಮ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಎವರ್ಶೆಡ್ ಅನ್ನೋ ಖಗೋಳ ವಿಜ್ಞಾನಿ ಸೂರ್ಯನ ಕಲೆಗಳಲ್ಲಿ ಅನಿಲ ಹೊರಕ್ಕೆ ಹರಿಯೋದನ್ನ ಇದೇ ಗೆರೆ ನೋಡಿ ಕಂಡುಹಿಡಿದ, ಆ ವೀಕ್ಷಣಾಲಯವನ್ನ ಈಗ ನೋಡ್ಕೊಳ್ಳೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 1995ರಲ್ಲಿ ಮೇಯರ್ ಮತ್ತು ಕೆಲೋಜ್ ಅನ್ನೋ ಸ್ವಿಸ್ ಖಗೋಳ ವಿಜ್ಞಾನಿಗಳು 51 ಪೆಗಾಸಿ ಅನ್ನೋ ನಕ್ಷತ್ರ ಸೆಕೆಂಡಿಗೆ ಸುಮಾರು 55 ಮೀಟರ್ ವೇಗದಲ್ಲಿ ಹಿಂದೆ ಮುಂದೆ ಓಲಾಡ್ತಿರೋದನ್ನ ಹಿಡಿದು, ಅದನ್ನ ನಾಲ್ಕು ದಿನ ಚಿಲ್ಲರೆಗೆ ಒಂದು ಸುತ್ತು ಹಾಕೋ ಗ್ರಹದ ಸೆಳೆತವೇ ಇದಕ್ಕೆ ಕಾರಣ ಅಂತ ತೋರಿಸಿದ್ರು.